ಒಮಾನ್ ರಸ್ತೆಯಲ್ಲಿ ಸಿಕ್ಕಿದ ಅಣ್ಣ

"ಮದಿ ಫೋಟೋ ತೆಗುವವ್ರಿಗೆ ಗುಡ್ಡ, ಸಮುದ್ರ ತೆಗುದ್ ಸ್ವಲ್ಪ ಕಷ್ಟ ಆತ್" ಎಂದ ಅವನು.

ತಲ್ಲೂರಿನಲ್ಲಿ ಪ್ರಫುಲ್ಲಾ ಅವರ ಹೋಟೆಲಿನ ಮಹಡಿ ಮೇಲೆ ಕೂತಿದ್ದ ಎಲ್ಲರೂ ನಕ್ಕರು. ನಗದವಳು ಅನಿಷಾ ಒಬ್ಬಳೇ. ಯಾಕೆಂದರೆ ಆ ಕೋಣೆಯಲ್ಲಿ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವಳು ಅವಳೊಬ್ಬಳೇ!

ಹೇಳಿದವನು ಪ್ರಖ್ಯಾತ್. ಮೂಲ ಹಾಲಾಡಿ ಕಡೆ, ಹುಟ್ಟಿ ಬೆಳೆದದ್ದು ಮುಂಬೈ. ಜನರನ್ನು ಗುಂಪು ಕಟ್ಟಿಕೊಂಡು ಹೊರದೇಶದ ರಸ್ತೆಗಳಲ್ಲಿ ಕಾರು ಓಡಿಸುತ್ತಾ ಹೋಗುವುದು, ದಾರಿಯಲ್ಲಿ ಅವರಿಗೆ ಫೋಟೋ ತೆಗೆಯಲು ಕಲಿಸುವುದು... ಇದು ಅವನ ಉದ್ಯೋಗ. ಇದನ್ನೂ ಉದ್ಯೋಗ ಎನ್ನಬಹುದು ಎಂದು ಅನಿಷಾಳಿಗೆ ಅವತ್ತೇ ಗೊತ್ತಾದದ್ದು.

ಅವಳು ಎದ್ದು ನಿಂತಳು.

"ಹೌದಾ? ನಿಮ್ಮ ಗುಡ್ಡ, ಸಮುದ್ರ ಎಲ್ಲ ಅಲ್ಲೇ ಇರತ್ತಲ್ದಾ? ಓಡಿ ಹೋತಿಲ್ಲೆ. ಧಾರೆ ಎರೆವತ್ತಿಗೆ ಭಟ್ರ ತಲೆ ಅಡ್ಡ ಬಂದ್ರೆ, ಇನ್ನೊಂದ್ ಸಲ ಎರೆಯಿನಿ ಅಂದೇಳುಕೆ ಆತ್ತಾ? ಕಷ್ಟ ಯಾರಿಗೆ ಅಂದೇಳಿ ನೀವೇ ಯೋಚ್ನೆ ಮಾಡಿ!"

ಈ ಸಲ ಎಲ್ಲರೂ ಇನ್ನೂ ಜೋರಾಗಿ ನಕ್ಕರು. ಪ್ರಖ್ಯಾತನ ಕಿವಿ ಕೆಂಪಾಯಿತು. ಅನಿಷಾ ಕೂತಳು. ಕೂತ ಮೇಲೆ, ಕೆಂಪಾದ ಆ ಕಿವಿಯನ್ನು ಇನ್ನೊಮ್ಮೆ ನೋಡಿದಳು. ಯಾಕೆ ನೋಡಿದೆ ಎಂದು ತನ್ನನ್ನೇ ಬೈದುಕೊಂಡಳು.

ಪ್ರಖ್ಯಾತನ ಜೊತೆ ಒಮಾನಿಗೆ ಹೋಗುವ ಈ ಹುಚ್ಚು ಅವಳದ್ದಲ್ಲ, ಅವಳ ಚಿಕ್ಕಿ ಪ್ರಫುಲ್ಲಾರದ್ದು. ತಲ್ಲೂರಿನ ಹೋಟೆಲು, ಬ್ರಹ್ಮಾವರದ ಇನ್ನೊಂದು ಹೋಟೆಲು ಎರಡನ್ನೂ ಒಬ್ಬರೇ ನಡೆಸುವ ಹೆಂಗಸು. ಪರಿಚಯದ ಹೋಟೆಲಿನವರನ್ನೆಲ್ಲ ಸೇರಿಸಿ, "ನಂಗೆ ಅಲ್ಲಿ ಚೆಂದದ್ ಒಂದ್ ಫೋಟೋ ಬೇಕ್. ನೀನ್ ಬಪ್ಪುದೇ" ಎಂದು ಅಕ್ಕನ ಮಗಳನ್ನು ಎಳೆದುಕೊಂಡು ಹೊರಟಿದ್ದರು.

*

ಮಸ್ಕತ್ತಿನಲ್ಲಿ ಎರಡು ದೊಡ್ಡ ಕಾರು ಬಾಡಿಗೆಗೆ ತೆಗೆದುಕೊಂಡು ಸಮುದ್ರದ ದಂಡೆಯ ಹೆದ್ದಾರಿ ಹಿಡಿದರು. ಮೊದಲ ಕಾರು ಓಡಿಸುವವನು ಪ್ರಖ್ಯಾತ್. ಹಿಂದಿನ ಸೀಟಿನಲ್ಲಿ ಪ್ರಫುಲ್ಲಾ, ಅವರ ಪಕ್ಕದಲ್ಲಿ ಅನಿಷಾ.

"ಇದ್ ಎಂತ ರಸ್ತೆ ಮಾರಾಯ? ನಮ್ಮ ಮರವಂತೆಯಲ್ ಈಚೆ ಸಮುದ್ರ, ಆಚೆ ಹೊಳೆ. ಇಲ್ಲಿ ಆಚೆ ಎಂತ ಇತ್? ಕಲ್ಲ್!" ಎಂದರು ಪ್ರಫುಲ್ಲಾ.

ದಾರಿಯಲ್ಲಿ ಬಿಮ್ಮಾ ಎಂಬ ಕಡೆ ನೆಲ ಕುಸಿದು ಆದ ದೊಡ್ಡ ಗುಂಡಿ, ತಳದಲ್ಲಿ ಹಸಿರು-ನೀಲಿ ನೀರು. ದೇಶ ದೇಶದವರು ಬಂದು ನೋಡುತ್ತಾರೆ. ಪ್ರಫುಲ್ಲಾ ಬಗ್ಗಿ ನೋಡಿದರು.

"ಇದನ್ ಕಾಂಬುಕೆ ವಿಮಾನ ಹತ್ಕಾ? ಬಿಜೂರಲ್ ಕಲ್ಲ್ ಕೋರೆಗೆ ಮಳೆಗಾಲದಲ್ ನೀರ್ ತುಂಬಿರೆ ಇದೇ ಅಲ್ದಾ?"

ಉಳಿದವರ ವಿಷಯ ಹೇಳುವುದೇ ಬೇಡ. ಗುಂಡಿಯ ಸುತ್ತ ಸಾಲಾಗಿ ನಿಂತರು. ನೀರಿಗೆ ಬೆನ್ನು, ಮೊಬೈಲಿಗೆ ಹಲ್ಲು! ಇಷ್ಟು ದೂರ ಬಂದು ಒಬ್ಬರಾದರೂ ತಿರುಗಿ ಆ ನೀರನ್ನು ನೋಡಿದರೆ ಕೇಳಿ. ಮನೆಯಲ್ಲಿ ಕನ್ನಡಿ ಇರಲಿಲ್ಲವೇ ಇವರಿಗೆ?

ಅನಿಷಾ ಸ್ವಲ್ಪ ಹಿಂದೆ ಸರಿದು, ನೀರಿಗೆ ಬೆನ್ನು ಹಾಕಿದ ಆ ಸಾಲನ್ನೇ ಗುರಿಯಾಗಿಟ್ಟು ಕ್ಯಾಮೆರಾ ಎತ್ತಿದಳು.

ಕ್ಲಿಕ್.

ಅದೇ ಗಳಿಗೆಗೆ ಪಕ್ಕದಲ್ಲಿ ಇನ್ನೊಂದು ಕ್ಲಿಕ್!

ತಿರುಗಿ ನೋಡಿದರೆ ಪ್ರಖ್ಯಾತ್. ಅವನೂ ಅದೇ ಸಾಲಿನ ಫೋಟೋ ತೆಗೆದಿದ್ದ. ಇಬ್ಬರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನಗು ತಡೆಯಲಿಕ್ಕೆ ಆಗಲಿಲ್ಲ.

"ಯಾರಿಗೂ ತೋರ್ಸ್ಬ್ಯಾಡಿ. ನನ್ನ ಧಂದಾ ಬಂದ್ ಆತ್" ಎಂದ ಪ್ರಖ್ಯಾತ್.

"ತೋರ್ಸುದಿಲ್ಲೆ. ಆದ್ರೆ ನಿಮ್ದಕ್ಕಿಂತ ನಂದೇ ಚೆಂದ ಬಂದಿತ್."

ಅವನು ಅವಳ ಕ್ಯಾಮೆರಾದ ಪರದೆ ನೋಡಿದ. "ಸಚ್ಚಿ... ಚೆಂದ ಬಂದಿತ್" ಎಂದ. ಹೊಗಳಿಕೆಯಲ್ಲ, ಒಪ್ಪಿಗೆ.

ಒಂದೇ ವಿಷಯವನ್ನು ತಾತ್ಸಾರ ಮಾಡುವ ಇಬ್ಬರು ಬಹಳ ಬೇಗ ಹತ್ತಿರವಾಗುತ್ತಾರೆ. ಆ ಸಂಜೆ ಸೂರ್ ಪಟ್ಟಣದ ಬಂದರಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಇಡೀ ಗುಂಪನ್ನು ಒಬ್ಬೊಬ್ಬರಾಗಿ ಆಡಿಕೊಂಡರು. ಆಡಿಕೊಳ್ಳಲು ಯಾರೂ ಉಳಿಯದೇ ಹೋದಾಗ ಮಾತು ನಿಂತಿತು. ಏಳಲು ಮಾತ್ರ ಇಬ್ಬರಿಗೂ ಮನಸ್ಸಿರಲಿಲ್ಲ.

'ಇವ ಹೀಂಗೇ ಸುಮ್ನೆ ಕೂತಿರ್ಲಿ ದೇವ್ರೇ...' ಅನಿಷಾ ಮನಸ್ಸಿನಲ್ಲೇ ಅಂದುಕೊಂಡಳು.

ಪ್ರಫುಲ್ಲಾ ಹೋಟೆಲಿನ ಗಲ್ಲೆಯ ಮೇಲೆ ಕೂತು ಜನರ ಮುಖ ಓದಿದವರು. ಮರುದಿನ ಕಾರು ನಿಜ್ವಾ ಎಂಬ ಊರಿನ ಕಡೆ ಹೊರಟಾಗ ಹಿಂದಿನ ಸೀಟಿನಿಂದಲೇ ಶುರು ಮಾಡಿದರು.

"ಪ್ರಖ್ಯಾತ, ನಿಮ್ದ್ ಯಾವ ಬಳಿ?"

ಗೊತ್ತಿಲ್ಲದವರಿಗೆ ಹೇಳಬೇಕು. ಉಳಿದವರಿಗೆ ಗೋತ್ರ ಇದ್ದ ಹಾಗೆ ಇವರ ಜಾತಿಯಲ್ಲಿ ಬಳಿ. ಒಂದೇ ಬಳಿಯ ಗಂಡು ಹೆಣ್ಣು ಅಣ್ಣ ತಂಗಿಯ ಲೆಕ್ಕ. ಅವರ ನಡುವೆ ಮದುವೆಯ ಮಾತೇ ಇಲ್ಲ. ಓದಿದವರಾಗಲಿ, ಓದದವರಾಗಲಿ, ಇದನ್ನು ದಾಟುವವರಿಲ್ಲ.

"ಪಪ್ಪ ಯಾವಾಗ್ಲೂ ಹೇಳ್ತ್ರ್" ಎಂದು ಪ್ರಖ್ಯಾತ್ ದೊಡ್ಡ ಗರ್ವದಿಂದ ಒಂದು ಬಳಿಯ ಹೆಸರು ಹೇಳಿದ. ಆ ಹೆಸರು ಇಲ್ಲಿ ಬೇಡ. ಓದುವವರಲ್ಲಿ ಅದೇ ಬಳಿಯವರು ಸಾಕಷ್ಟು ಜನ ಇರಬಹುದು.

ಪ್ರಫುಲ್ಲಾ ಕಿಟಕಿಯ ಕಡೆ ತಿರುಗಿ ಕೂತರು. ಅದು ಪ್ರಫುಲ್ಲಾರ ಬಳಿ. ಅನಿಷಾಳ ಬಳಿ!

ನಿಜ್ವಾದ ಕೋಟೆಯ ಗೋಡೆಯ ನೆರಳಿಗೆ ಅವಳನ್ನು ಎಳೆದುಕೊಂಡು ಹೋಗಿ ಚಿಕ್ಕಿ ಪಿಸುಗುಟ್ಟಿದರು. "ಕೇಂತಾ ಹೆಣೆ? ಅವ ನಿಂಗ್ ಅಣ್ಣ ಆಯ್ಕ್. ಇಲ್ಲಿಗೇ ಬಿಡ್."

"ನಾನ್ ಎಂತ ಹಿಡ್ಕಂಡಿದ್ದೆ ಬಿಡುಕೆ?" ಎಂದಳು ಅನಿಷಾ. ದನಿ ಮಾತ್ರ ಅವಳ ಮಾತು ಕೇಳಲಿಲ್ಲ.

ಅವನಿಗೆ ಹೇಳಿಬಿಡಬಹುದಿತ್ತು. ಆದರೆ ಏನೆಂದು? ಅವನು ಇನ್ನೂ ಒಂದು ಮಾತೂ ಆಡಿಲ್ಲ. ಕೇಳದವನ ಮುಂದೆ ಹೋಗಿ 'ನಮ್ಮ ಮದುವೆ ಆಗುವ ಹಾಗಿಲ್ಲ' ಎನ್ನುವುದೆಂದರೆ ಆಗಲೇ ಮದುವೆಯ ಕನಸು ಕಂಡೆ ಎಂದು ಒಪ್ಪಿಕೊಂಡ ಹಾಗೆ! ಪ್ರಾಣ ಬೇಕಾದರೂ ಕೊಟ್ಟಾಳು ಅನಿಷಾ, ಆ ಒಪ್ಪಿಗೆ ಕೊಡಲಾರಳು.

*

ಜೆಬೆಲ್ ಶಮ್ಸ್ ಬೆಟ್ಟದ ತುದಿ. ಕಾಲಿನಡಿಯಲ್ಲಿ ಬಾಯಿ ತೆರೆದ ಕಣಿವೆ. ಸುತ್ತ ಯಾರೂ ಇಲ್ಲದ ಹೊತ್ತು ನೋಡಿ ಪ್ರಖ್ಯಾತ್ ಹತ್ತಿರ ಬಂದ. ಕೈಯಲ್ಲಿ ಕ್ಯಾಮೆರಾ ಇರಲಿಲ್ಲ.

"ಅನಿಷಾ... ನಿನ್ನತ್ರ ಒಂದ್ ಮಾತ್ ಹೇಳ್ಕ್..."

'ಹೇಳ್ಬ್ಯಾಡ... ದಮ್ಮಯ್ಯ, ಹೇಳ್ಬ್ಯಾಡ!' ಅವಳ ಜೀವ ಕೂಗಿತು. ಬಾಯಿ ಬೇರೆಯೇ ಹೇಳಿತು.

"ಎಂತ, ಪ್ರಖ್ಯಾತಣ್ಣ?"

ಅಣ್ಣ! ನಮ್ಮ ಕಡೆ ಹುಡುಗಿಯೊಬ್ಬಳು ಹೀಗೆ ಕರೆದರೆ ಅದರ ಅರ್ಥ ಮುಂಬೈಯವನಿಗೂ ಗೊತ್ತು. ಅವನ ಮುಖ ಒಮ್ಮೆಲೇ ಸಪ್ಪೆಯಾಯಿತು.

"ಎಂತಿಲ್ಲೆ. ಗಾಳಿ ಜಾಸ್ತಿ ಇತ್, ಅಂಚಿಗೆ ಹೋಗ್ಬ್ಯಾಡ ಅಂದೇಳುಕೆ ಬಂದೆ" ಎಂದು ತಿರುಗಿದ.

ಅಲ್ಲಿಂದ ಮುಂದೆ ಅನಿಷಾಳ ನಾಲಿಗೆ ಹರಿತವಾಯಿತು. ಬೆಟ್ಟದ ಮೇಲೇ ರಾತ್ರಿಯೂಟಕ್ಕೆ ಎಲ್ಲರೂ ಸೇರಿ ಅವನು ತೆಗೆದ ಫೋಟೋ ನೋಡುತ್ತಿದ್ದರೆ, "ಪ್ರಖ್ಯಾತಣ್ಣ, ಇದ್ ಕ್ಯಾಲೆಂಡರಿಗೆ ಲಾಯ್ಕಿತ್. ಅಕ್ಕಿ ಮಿಲ್ಲಿನವ್ರ್ ಪುಕ್ಸಟ್ಟೆ ಹಂಚುವ ಕ್ಯಾಲೆಂಡರಿಗೆ" ಎಂದಳು. ತಾತ್ಸಾರ ಮಾಡಿದಷ್ಟೂ ಮರೆಯಬಹುದು ಎಂದುಕೊಂಡಿದ್ದಳು ಪಾಪ!

ಅವನೂ ಬಿಡಲಿಲ್ಲ. "ಹೌದ್. ಸ್ಟೇಜ್ ಹತ್ತಿ ಸ್ಮೈಲ್ ಪ್ಲೀಸ್ ಅಂಬವ್ರಿಗೆ ಇದೆಲ್ಲ ಅರ್ಥ ಆತಿಲ್ಲೆ."

ಅವಳಿಗೆ ಕಣ್ಣೀರು ಬಂತು. ತಪ್ಪನ್ನು ಮರಳಿನ ಮೇಲೆ ಹಾಕಿದಳು, ಕಣ್ಣಿಗೆ ಮರಳು ಹೊಕ್ಕಿತು ಎಂದಳು. ಬೆಟ್ಟದ ಮೇಲೆ ಮರಳೆಲ್ಲಿಂದ ಬರಬೇಕು? ಆ ಮಹಾ ಫೋಟೋಗ್ರಾಫರನಿಗೆ ಅಷ್ಟೂ ಹೊಳೆಯಲಿಲ್ಲ.

*

ಊರಿಗೆ ಬಂದು ವಾರ ಕಳೆದ ಮೇಲೆ ತಲ್ಲೂರಿನ ಹೋಟೆಲಿನಲ್ಲಿ ಪ್ರಫುಲ್ಲಾ ಎಲ್ಲರಿಗೂ ಊಟ ಇಟ್ಟುಕೊಂಡರು. ಕೋಳಿ ಸುಕ್ಕ, ನೀರುದೋಸೆ, ಜೊತೆಗೆ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಒಂದಾದ ಮೇಲೊಂದು ಒಮಾನಿನ ಫೋಟೋ. ತಿನ್ನುವವರು ಬಾಳೆಯೆಲೆ ನೋಡುತ್ತಿದ್ದರು, ಒಮಾನು ತನ್ನ ಪಾಡಿಗೆ ಗೋಡೆಯ ಮೇಲೆ ಹೋಗುತ್ತಿತ್ತು.

ಅನಿಷಾ ಕೈ ತೊಳೆಯಲು ಹಿತ್ತಲಿಗೆ ಬಂದಳು. ತೊಳೆದು ತಿರುಗಿದರೆ ತೆಂಗಿನ ಮರದ ಬುಡದಲ್ಲಿ ಪ್ರಖ್ಯಾತ್ ನಿಂತಿದ್ದ.

"ನಾಳೆ ಬೆಳಿಗ್ಗೆ ಮುಂಬೈಗೆ ಹೋತಿದ್ದೆ. ಮತ್ತೆ ಈ ಬದಿಗ್ ಬತ್ತಿಲ್ಲೆ" ಎಂದ.

"ಹೋಯ್ನಿ, ಅಣ್ಣ."

"ಅದೇ!" ಅವನು ಸಿಡಿದ. "ಅದೊಂದ್ ಹೇಳ್. ಬ್ಯಾಡ ಅಂದ್ರೆ ಬ್ಯಾಡ ಅಂದೇಳ್, ನಾನ್ ಹೋತೆ. ನಾನ್ ಲಾಯಕ್ಕಿಲ್ಲೆ ಅಂದೇಳ್, ಅದೂ ಸೈ. ಸೂರಲ್ ಅಷ್ಟೊತ್ತ್ ಪಕ್ಕದಲ್ ಕೂತವ್ಳ್ ಮರ್ದಿನ ಅಣ್ಣ ಅಂತೆ! ಅಷ್ಟ್ ಕೀಳಾ ನಾನ್?"

ಅವಳು ಅವನ ಮುಖ ನೋಡಿದಳು. ನಾಳೆ ಈ ಮುಖ ಇಲ್ಲ. ಇಷ್ಟು ದಿನ ಹಲ್ಲು ಕಚ್ಚಿ ಕಾಪಾಡಿದ ಮರ್ಯಾದೆ ಇನ್ನು ಯಾವ ಕೆಲಸಕ್ಕೆ? ಮಾನವನ್ನು ಇಟ್ಟುಕೊಂಡು ಇವನನ್ನು ಹೀಗೆ ಕಳಿಸುವುದಾ?

"ನೀವ್ ಕೀಳಲ್ಲ... ನಮ್ದ್ ಒಂದೇ ಬಳಿ."

"ಮತ್ಲಬ್?"

"ಮತ್ಲಬ್ ನೀವ್ ನಂಗ್ ಅಣ್ಣ ಆಯ್ಕ್! ನಮ್ಗೆ ಮದಿ ಆಪುಕೆ ಆತಿಲ್ಲೆ!"

ಮದಿ ಎಂಬ ಮಾತು ಬಾಯಿಂದ ಬಿದ್ದೇ ಹೋಯಿತು. ಅನಿಷಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ!

"ನೀನ್... ನನ್ನ ಮದಿ ಆಪ ಅಂದೇಳಿ ಎಣ್ಸಿದ್ಯಾ?" ಅವನು ಒಂದು ಹೆಜ್ಜೆ ಮುಂದೆ ಬಂದ.

"ಎಣ್ಸಿದೆ. ತಪ್ಪೇ. ಇನ್ನ್ ಹೋಯ್ನಿ ನೀವ್..."

"ಅಲ್ಲ ಅನಿಷಾ... ಪಪ್ಪನ ಬಳಿ ಒಂದೇ ಆದ್ರೆ ಅಷ್ಟೆಲ್ಲ ಪ್ರಾಬ್ಲಮ್ಮಾ?"

ಬೆರಳ ಸಂದಿಯಿಂದ ಒಂದು ಕಣ್ಣು ಹೊರಗೆ ಬಂತು.

"ಯಾರ ಬಳಿ?"

"ಪಪ್ಪಂದ್. ಸರ್‌ನೇಮೂ ಪಪ್ಪಂದ್, ಬಳಿಯೂ ಪಪ್ಪಂದೇ ಅಲ್ದಾ?"

ಅಯ್ಯೋ ಪ್ರಖ್ಯಾತ! ಇವರಲ್ಲಿ ಬಳಿ ಬರುವುದು ತಾಯಿಯಿಂದ. ಬೈಂದೂರಿನಿಂದ ಬ್ರಹ್ಮಾವರದ ತನಕ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೂ ಇದು ಗೊತ್ತು. ದೇಶ ದೇಶದ ರಸ್ತೆ ತಿಳಿದ ಈ ಗಂಡಿಗೆ ತನ್ನ ತಾಯಿಯ ಬಳಿ ತಿಳಿದಿರಲಿಲ್ಲ!

ಅನಿಷಾ ಕೈ ಕೆಳಗಿಳಿಸಿದಳು. ಕಣ್ಣಲ್ಲಿ ಇನ್ನೂ ನೀರಿತ್ತು, ಅದರೊಳಗೇ ಬೆಂಕಿ ಹತ್ತಿತು.

"ದಡ್ಡ! ಶುದ್ಧ ದಡ್ಡ! ಬಳಿ ಅಮ್ಮಂದ್ ಹೇಳುದ್ ಮಾರಾಯ, ಅಮ್ಮಂದ್! ಅಪ್ಪಂದೂ ಅಮ್ಮಂದೂ ಒಂದೇ ಬಳಿ ಇಪ್ಪುಕೇ ಆತಿಲ್ಲೆ. ಅಪ್ಪಂದ್ ನಮ್ಮ ಬಳಿ ಅಂದ್ರೆ ನಿಂದ್ ಬೇರೆಯೇ! ನಿನ್ನ ದೆಸೆಯಿಂದ ನಾನ್ ಎಷ್ಟ್ ಕಣ್ಣೀರ್ ಹಾಕಿ ಮರ್ಕಿದೆ ಗೊತ್ತಿತ್ತಾ ನಿಂಗೆ?"

'ನೀವ್' ಹೋಗಿ 'ನೀನ್' ಆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಚಿಕ್ಕೀ!" ಎಂದು ಅವಳು ಕೂಗಿದ ಹೊಡೆತಕ್ಕೆ ಪ್ರಫುಲ್ಲಾ ಸೌಟು ಹಿಡಿದೇ ಓಡಿ ಬಂದರು. ವಿಷಯ ಕೇಳಿ ಹಣೆ ಬಡಿದುಕೊಂಡರು.

"ಫೋನ್ ಮಾಡ್ ನಿನ್ನ ಅಮ್ಮನಿಗೆ. ಈಗ್ಲೇ!"

ಮುಂಬೈಯಲ್ಲಿದ್ದ ಅವನ ಅಮ್ಮ ಮೊದಲು ಮಗನಿಗೆ ಬೈದರು. ಪಕ್ಕದಲ್ಲಿ ನಿಂತವರಿಗೂ ಕೇಳುವ ಹಾಗೆ ಬೈದರು. ಆಮೇಲೆ ತಮ್ಮ ಬಳಿಯ ಹೆಸರು ಹೇಳಿದರು. ಬೇರೆಯೇ ಹೆಸರು!

ಪ್ರಫುಲ್ಲಾ ಬೆರಳು ಮಡಿಸಿ ಲೆಕ್ಕ ಹಾಕಿದರು. "ಇವ್ನ ಅಪ್ಪ ನಮ್ಮ ಬಳಿ. ಅಂದ್ರೆ ನಂಗ್ ಅಣ್ಣ ಆಯ್ಕ್, ನಿಂಗ್ ಮಾವ. ಮಾವನ ಮಗ ಅಂದ್ರೆ ನಿಂಗ್ ಬಾವ! ನಾವೇ ಹುಡ್ಕಂಡ್ ಹೋಯಿ ಮಾಡು ಸಂಬಂಧ ಮಾರಾಯ್ತಿ ಇದ್!" ಮತ್ತೆ ಪ್ರಖ್ಯಾತನ ಕಡೆ ತಿರುಗಿ ಸೌಟು ಎತ್ತಿದರು. "ಬಳಿ ಕೇಂಡ್ರೆ ಅಪ್ಪಂದ್ ಹೇಳುವವ್ನಿಗೆ ಹೆಣ್ಣ್ ಕೊಡುದ್ ಹ್ಯಾಂಗೆ ಅಂದೇಳೇ ನಂಗ್ ಈಗ ಚಿಂತೆ!"

ತಾವೂ ಒಂದು ಸಲ 'ಅಮ್ಮಂದಾ?' ಎಂದು ತಿರುಗಿ ಕೇಳಬಹುದಿತ್ತು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಬಡಿಸುವುದು ಬಾಕಿ ಇತ್ತು, ಒಳಗೆ ಹೋದರು.

ಹಿತ್ತಲಿನಲ್ಲಿ ಇಬ್ಬರೇ ಉಳಿದರು. ಅನಿಷಾ ನೆಲ ನೋಡುತ್ತಿದ್ದಳು.

"ಆ ಗುಡ್ಡದ್ ಮೇಲೆ ನಾನ್ ಎಂತ ಹೇಳುಕೆ ಬಂದಿದ್ದೆ, ಗೊತ್ತಾ?" ಎಂದ ಪ್ರಖ್ಯಾತ್.

"ಗೊತ್ತ್. ಆದ್ರೂ ಹೇಳ್."

"ನಿನ್ನ ಬಿಟ್ಟ್ ಮುಂಬೈಗ್ ಹೋಪುಕೆ ಮನ್ಸಿಲ್ಲೆ ಅಂದೇಳುಕೆ."

"ಅಷ್ಟ್ ಎತ್ತರ ಹತ್ತಿ ಹೇಳುಕೆ ಇದ್ದದ್ದ್ ಇಷ್ಟೇಯಾ?"

"ಇಷ್ಟೇ. ಇದಕ್ಕಿಂತ ದೊಡ್ಡದ್ ನನ್ನತ್ರ ಇಲ್ಲೆ."

ಏನಾದರೊಂದು ಚುಚ್ಚು ಮಾತು ಹೇಳಬೇಕೆಂದು ಅನಿಷಾ ಬಾಯಿ ತೆರೆದಳು. ಹುಡುಕಿದರೂ ಸಿಗಲಿಲ್ಲ. ಒದ್ದೆಯಾಗಿದ್ದ ತನ್ನ ಕೈಯಿಂದಲೇ ಅವನ ಕೈ ಹಿಡಿದಳು.

"ಹಾಂಗಾರೆ ಹೋಗ್ಬ್ಯಾಡ" ಎಂದಳು.