ಬಿಸಿಲಿಗೆ ಅರಳದ ಬಟ್ಟೆ

"ನನ್ನ ಬಟ್ಟೇನ ಯಾರೋ ಕೊಂದುಬಿಟ್ಟಿದಾರೆ, ಅಕ್ಕಾ!" ನೇಕಾರಗಿತ್ತಿ ಬಾಗಿಲಲ್ಲೇ ಕುಸಿದಳು.

ದೊಡ್ಡಮ್ಮ ಕತ್ತರಿ ಕೆಳಗಿಟ್ಟರು. ಅವರದು ಹೊಲಿಗೆ ಅಂಗಡಿ. ಆದರೆ ಬೀದಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಅವರ ಬಳಿಗೇ ಬರುತ್ತಿದ್ದರು. ಅಲ್ಲಿ ಇಸ್ತ್ರಿ ಮಾಡುವ ನಾನು ಬಾಲದ ಹಾಗೆ ಹಿಂದೆ ಹೊರಟೆ.

ಆ ಬಟ್ಟೆಯನ್ನು ನಾವೆಲ್ಲ ಬಲ್ಲೆವು. ಮಗಳು ಪುಟ್ಟಿ ಜ್ವರದಲ್ಲಿ ತೀರಿಕೊಂಡ ಮೇಲೆ ಆಕೆ ನೇಯ್ದದ್ದು. ಬಿಸಿಲು ತಾಗಿದರೆ ಮೇಲ್ತುದಿಯ ನೂಲುಗಳು ಕುಗ್ಗಿ, ಬೂದುಬಣ್ಣದ ಎಸಳುಗಳನ್ನು ಮೇಲೆತ್ತುತ್ತಿದ್ದವು. ಅವುಗಳ ಒಳಗಿಟ್ಟಿದ್ದ ಪುಟ್ಟಿಯ ಹಳದಿ ಫ್ರಾಕು ಕಾಣುತ್ತಿತ್ತು. ಬಿಸಿಲು ಹೋದರೆ ಎಲ್ಲ ಮುಚ್ಚಿಕೊಳ್ಳುತ್ತಿತ್ತು.

ಅವತ್ತು ಆಕೆಯ ಮನೆಯ ಕೋಣೆ ತುಂಬ ಬಿಸಿಲಿದ್ದರೂ ಒಂದೆಸಳೂ ಅಲುಗಲಿಲ್ಲ. ಮೇಲಿನ ನೂಲುಗಳನ್ನೆಲ್ಲ ಯಾರೋ ಕತ್ತರಿಸಿದ್ದರು. ಕೆಳಗೆ ಆಕೆಯ ಮೈದುನನ ಉಳಿ ಬಿದ್ದಿತ್ತು. ಅವನು ಬಡಗಿ, ಬಟ್ಟೆಯನ್ನು ಗೋಡೆಯೆತ್ತರಕ್ಕೆ ತೂಗುಹಾಕಿದ್ದ ಚೌಕಟ್ಟು ಮಾಡಿದವನು. ಆ ಬಟ್ಟೆಯನ್ನು ಇಡಲಿದ್ದ ಪ್ರದರ್ಶನದ ಫಲಕದಲ್ಲಿ ತನ್ನ ಹೆಸರಿಲ್ಲವೆಂದು ಹಿಂದಿನ ದಿನವಷ್ಟೇ ಅತ್ತಿಗೆಯ ಜೊತೆ ಜಗಳವಾಡಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡೆ. ಗಂಡ ಪಕ್ಕದ ಕೋಣೆಯಲ್ಲಿ ತನ್ನ ಮಗ್ಗದ ಮುಂದೆ ಕೂತಿದ್ದ. ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಆಳು, ಮಾತು ಮಾತ್ರ ಕಡಿಮೆ.

ದೊಡ್ಡಮ್ಮ ಮೂಲೆಯ ಸ್ಟೂಲಿನ ಮೇಲೆ ಬೆರಳಾಡಿಸಿದರು. ಧೂಳು ಮೆತ್ತಿಕೊಂಡಿತು. ಆಮೇಲೆ ಆ ಸ್ಟೂಲಿನ ಮೇಲೆಯೇ ಹತ್ತಿ ನಿಂತು ನೂಲುಗಳನ್ನು ನೋಡಿದರು. ಕತ್ತರಿಸಿದ ಒಂದೊಂದು ತುದಿಗೂ ಪುಟ್ಟ ಗಂಟು ಹಾಕಿತ್ತು. ಇಳಿಯುವಾಗ ಅವರ ಮುಖ ಸಣ್ಣದಾಗಿತ್ತು.

"ಎಲ್ಲರನ್ನೂ ಕರಿ," ಎಂದರು.

ಮೈದುನ ಬರುತ್ತಲೇ ಕೂಗಾಡಿದ. "ಉಳಿ ನಿನ್ನೆ ಮರೆತು ಹೋಗಿದ್ದೆ ಅಷ್ಟೆ! ನಾನಲ್ಲ!"

"ನೀನಲ್ಲ ಕಣಪ್ಪ, ಸುಮ್ನಿರು. ಉಳೀಲಿ ಕೊಯ್ದಿದ್ರೆ ನೂಲು ಜಜ್ಜಿಹೋಗ್ತಿತ್ತು. ಇದು ಕತ್ತರಿ ಕೆಲಸ. ಹಾಳು ಮಾಡೋಕೆ ಬಂದೋರು ಎಳೆ ಬಿಚ್ಚದ ಹಾಗೆ ಗಂಟು ಹಾಕ್ತಾರಾ? ಮಗ್ಗದಲ್ಲಿ ಪಳಗಿದ ಕೈಗೆ ಮಾತ್ರ ತುದಿ ಹಾಗೇ ಬಿಟ್ಟು ಅಭ್ಯಾಸ ಇಲ್ಲ. ಈ ಮನೇಲಿ ನೇಯೋರು ಇಬ್ಬರೇ. ಇವಳಿಗೆ ಸ್ಟೂಲಿಲ್ದೆ ಅಲ್ಲಿಗೆ ಕೈ ಎಟುಕಲ್ಲ. ಸ್ಟೂಲಿನ ಧೂಳನ್ನ ಯಾರೂ ಮುಟ್ಟಿರಲಿಲ್ಲ." ದೊಡ್ಡಮ್ಮ ಗಂಡನ ಕಡೆ ತಿರುಗಿದರು. "ಅಲ್ವೇನಪ್ಪಾ?"

ಅವನು ಕೈ ಚಾಚಿ ಮೇಲಿನ ಒಂದು ಗಂಟನ್ನು ಮುಟ್ಟಿದ.

"ದಿನಾ ಸಾಯೋರಿಗೆ ಅಳೋರ್ಯಾರು ಅಂತಾರೆ. ಇವಳು ದಿನಾ ಅತ್ತಳು, ಅಕ್ಕಾ. ಸಂಜೆ ಅದು ಮುಚ್ಕೊಂಡಾಗೆಲ್ಲ, ಆಸ್ಪತ್ರೇಲಿ ಅವತ್ತು ಅತ್ತ ಹಾಗೇ. ಎಷ್ಟು ಸಂಜೆ ಅಂತ ನೋಡ್ಲಿ? ನಮ್ಮ ಪುಟ್ಟಿ... ಪುಟ್ಟೀ..."

 ತಪ್ಪು ಮಾಡಿದವನನ್ನು ಹಿಡಿದೆವೆಂಬ ಖುಷಿ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ.

ನೇಕಾರಗಿತ್ತಿ ಎದ್ದು ಬಂದು ಅವನ ಕೈ ಹಿಡಿದಳು. "ಜೋತಾಡ್ತಿದ್ದ ಗಂಟು ಬೆಳಿಗ್ಗೇನೇ ನೋಡ್ದೆ. ನಿಮ್ಮ ಕೈ ನಂಗೆ ಗೊತ್ತಿಲ್ವಾ?"

"ಮತ್ತೆ ನಮ್ಮನ್ಯಾಕೆ ಕರೆದೆ?" ನಾನು ತಡೆಯಲಾರದೆ ಕೇಳಿದೆ.

"ಅವಳು ಹೋದಾಗಿಂದ ಇವರು ಒಂದ್ಸಲಾನೂ ಅವಳ ಹೆಸರೆತ್ತಿಲ್ಲ. ನಾನು ಕೇಳಿದ್ರೆ ಎದ್ದು ಹೋಗ್ತಿದ್ರು. ನೀವು ಕೇಳಿದ್ರಾದ್ರೂ ಬಾಯಿ ಬಿಡ್ತಾರೇನೋ ಅಂತ."

ದೊಡ್ಡಮ್ಮ ನನ್ನ ತೋಳು ಹಿಡಿದು ಹೊರಗೆ ಕರೆತಂದರು. ಹೊಸಿಲು ದಾಟುವಾಗ ಒಳಗೆ ಇಬ್ಬರೂ ಒಟ್ಟಿಗೆ ಅಳುವುದು ಕೇಳಿಸಿತು.