ನಾಲ್ಕಾಣೆಯ ಭಾರ

ದೋಣಿಗಲ್ಲಿನ ಎಸ್ಟೇಟಿನಲ್ಲಿ ನನ್ನ ಕೋಣೆಗೆ ಹಾಡು ಕೇಳಲು ಬರುತ್ತಿದ್ದವನು ಕೂಲಿಗಳ ಲೆಕ್ಕ ಬರೆಯುವ ರೈಟರ್ ಧರ್ಮ ಒಬ್ಬನೇ. ಅವನು ತರುತ್ತಿದ್ದ ಸವೆದ ರೆಕಾರ್ಡಿನ ಒಂದು ಜಾಗದಲ್ಲಿ ಮುಳ್ಳು ಯಾವಾಗಲೂ ಹಾರುತ್ತಿತ್ತು. ಹಾರದಿರಲೆಂದು ಅವನು ಪ್ಲೇಯರಿನ ತೋಳಿನ ತುದಿಗೆ ನಾಲ್ಕಾಣೆ ಇಡುತ್ತಿದ್ದ.

"ತೆಗಿ ಮಾರಾಯ, ಭಾರಕ್ಕೆ ಮುಳ್ಳಿನ ಕಾರ್ಟ್ರಿಜ್ ಹಾಳಾಗ್ತೈತೆ. ಇನ್ನೊಂದು ಎಲ್ಲೂ ಸಿಗಾಕಿಲ್ಲ."

"ಹೋದ್ರೆ ಹೋಗ್ಲಿ ಬುಡೋ. ಅದೇನು ಮದ್ವೆ ಹೆಣ್ಣಾ, ಹಿಂಗೆ ಕಾಯಾಕೆ?"

೧೯೯೮ರ ಫೆಬ್ರವರಿಯಲ್ಲಿ ಜ್ವರ ಬಂದು ಧರ್ಮ ತೀರಿಕೊಂಡ. ಮಣ್ಣು ಮಾಡುವ ಮುಂಚೆ ಅವನ ತಾಯಿ ಚೌಡಮ್ಮ ಹಣೆಗೆ ಅಂಟಿಸಲು ಒಂದು ಕಾಸು ಕೇಳಿದರು. ನಾನು ಆ ನಾಲ್ಕಾಣೆಯನ್ನೇ ಕೊಟ್ಟೆ.

ತಿಂಗಳ ನಂತರ ಒಂದು ಮಧ್ಯಾಹ್ನ, ನನ್ನ ಕೋಣೆಯಲ್ಲೇ ಉಳಿದಿದ್ದ ಅವನ ರೆಕಾರ್ಡು ಹಾಕಿದೆ. ಕಾರ್ಟ್ರಿಜ್ ಉಳಿಯಲೆಂದು ಮುಳ್ಳಿನ ಭಾರವನ್ನು ಪುಟ್ಟ ತಕ್ಕಡಿಯಲ್ಲಿ ನೋಡಿ ಎರಡು ಗ್ರಾಮಿಗೆ ಇಳಿಸಿದ್ದೆ. ಹಾರುವ ಜಾಗ ಬಂತು. ಮುಳ್ಳು ಹಾರಲಿಲ್ಲ. ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿದ್ದರೂ ತೋಳಿನ ತುದಿ ತಣ್ಣಗಿತ್ತು. ಎತ್ತಿ ತೂಗಿದೆ. ಹತ್ತಿರ ಹತ್ತಿರ ಐದು ಗ್ರಾಂ. ಅದರ ಮೇಲೆ ಏನೂ ಇರಲಿಲ್ಲ.

ಬೇರೆ ರೆಕಾರ್ಡು ಹಾಕಿ ತೂಗಿದರೆ ಎರಡೇ ಇರುತ್ತದೆ. ಅವನದಕ್ಕೆ ಮಾತ್ರ ಐದು. ಮುಳ್ಳು ಸವೆಯುತ್ತಿದೆ, ಬಹಳವೆಂದರೆ ಈ ಬೇಸಿಗೆ ಮುಗಿಯುವವರೆಗೆ ಬಂದೀತು.

ಅದಕ್ಕೇ ಬೇರೆ ರೆಕಾರ್ಡು ಹಾಕುವುದನ್ನು ಬಿಟ್ಟಿದ್ದೇನೆ.