ಗುಂಯ್‌ಗುಡುವ ಹಂಚು

“ಅಕ್ಕಾರ, ಹಂಚು ಗುಂಯ್ ಅನ್ನಾಕ ಹತ್ತೇತಿ. ಒಲಿ ಕೆಟ್ಟಿತೇನ್ರಿ?” ಎಂದು ದಾಕ್ಷಾಯಣಿ ಹಿಂದೆ ಸರಿದಳು.

“ಕೆಟ್ಟಿಲ್ಲವಾ. ಅದು ಹಂಗ ಅನ್ಲಿ ಅಂತನ ಇಷ್ಟು ವರ್ಷ ಒದ್ದಾಡೇನಿ,” ಎಂದು ನಕ್ಕರು ವಿಜ್ಞಾನಿ ಮೆಹರುನ್ನಿಸಾ ನದಾಫ.

ಸ್ಟೂಲಿನ ಮೇಲೆ ಕುಳಿತಿದ್ದ ಗುರುಬಸವ್ವ ಕತ್ತು ಓರೆ ಮಾಡಿ ಕಿವಿಗೊಟ್ಟಳು. ಗದಗಿನ ಈ ಖಾನಾವಳಿಯ ರೊಟ್ಟಿಗೆ ಹೆಸರು ತಂದವಳು ಅವಳೇ. ಕಣ್ಣು ಮಂಜಾಗುತ್ತ ಬಂದು ಪೂರ್ತಿ ಕತ್ತಲಾದ ಮೇಲೂ ಉರಿಯ ಭುಸುಭುಸು ಕೇಳಿ, ಒಲೆಯ ಪಕ್ಕ ಅಂಗೈ ಹಿಡಿದು ಹದ ತಿಳಿಯುತ್ತಿದ್ದಳು. ಆಮೇಲೆ ಊರಿಗೆ ಗ್ಯಾಸ್ ಬರುವುದು ನಿಂತು, ಮನೆಗಳಿಗೆ ಎಂದೋ ಬಂದಿದ್ದ ಕರೆಂಟಿನ ಗಾಜಿನ ಒಲೆ ಖಾನಾವಳಿಗೂ ಬಂತು. ಅದಕ್ಕೆ ಉರಿಯಿಲ್ಲ, ಸದ್ದಿಲ್ಲ, ಅಕ್ಕಪಕ್ಕ ಝಳವೂ ಇಲ್ಲ. ಗಾಜಿನ ಕೆಳಗಿನ ತಂತಿಸುರುಳಿ ಕಾಂತಕ್ಷೇತ್ರ ಎಬ್ಬಿಸಿದರೆ ಕಬ್ಬಿಣದೊಳಗೇ ವಿದ್ಯುತ್ತಿನ ಸುಳಿಗಳು ಹುಟ್ಟಿ ಪಾತ್ರೆ ತಾನೇ ಕಾಯುತ್ತದೆ. ಝಳ ಹುಡುಕುತ್ತ ಕೈ ಚಾಚಿದ ಗುರುಬಸವ್ವ ಒಂದು ದಿನ ಕಾದ ಹಂಚಿನ ಮೇಲೇ ಅಂಗೈ ಊರಿಬಿಟ್ಟಳು.

ಗಾಯ ಮಾಯಿತು. ಆದರೆ ಸೊಸೆ ದಾಕ್ಷಾಯಣಿ ಅಂದಿನಿಂದ ಅವಳನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಇವತ್ತು ಮೆಹರುನ್ನಿಸಾ ತಂದ ಹೊಸ ಒಲೆಯ ಮೇಲೆ ಕೈ ಸುಟ್ಟುಕೊಳ್ಳದೆ ಒಂದು ರೊಟ್ಟಿ ಬೇಯಿಸಿದರೆ ಸರಿ, ಇಲ್ಲವೆಂದರೆ ಮುಂದೆಂದೂ ಒಲೆಯ ಮಾತು ಎತ್ತಕೂಡದು ಎಂದು ಖಡಾಖಂಡಿತವಾಗಿ ಹೇಳಿದ್ದಳು.

ಕಾಂತದ ಎಳೆತಕ್ಕೆ ಪಾತ್ರೆ ಸಣ್ಣಗೆ ನಡುಗುತ್ತದಲ್ಲ, ಬೇರೆಯವರೆಲ್ಲ ಆ ನಡುಕವನ್ನು ಅಡಗಿಸಲು ಹೆಣಗಿದ್ದರು. ಮೆಹರುನ್ನಿಸಾ ಅದನ್ನೇ ಕಿವಿಗೆ ಕೇಳುವ ಶ್ರುತಿಗೆ ತಂದಿದ್ದರು. ಕಬ್ಬಿಣ ಕಾದಂತೆಲ್ಲ ಶ್ರುತಿ ಇಳಿಯುತ್ತಿತ್ತು.

“ಬಿಸಿ ಏರಿದ್ರ ದನಿ ಇಳೀತೈತಿ? ನಮ್ಮನ್ಯಾಗ ಉಲ್ಟಾ ಐತಲ್ಲವಾ!” ಎಂದಳು ಗುರುಬಸವ್ವ.

“ನನಗ ಅಂತಾರ ನೋಡ್ರಿ,” ಎಂದು ದಾಕ್ಷಾಯಣಿ ಮೂತಿ ತಿರುವಿದಳು.

ಮೆಹರುನ್ನಿಸಾ ಹಂಚು ಇಳಿಸಿ ತಾಮ್ರದ ತಂಬಿಗೆ ಇಟ್ಟರು. ಸದ್ದಿಲ್ಲ. ಅಲ್ಯೂಮಿನಿಯಂ ಡಬರಿಗೂ ಸದ್ದಿಲ್ಲ. “ಇವು ಕಾಂತಕ್ಕ ಒಲಿಯೂದಿಲ್ರಿ ಅಮ್ಮಾ. ದನಿ ಬರ್ಲಿಲ್ಲಂದ್ರ ಆ ಪಾತ್ರಿ ಈ ಒಲಿಗೆ ಆಗೂದಿಲ್ಲ ಅಂತ ತಿಳೀರಿ.”

ಗುರುಬಸವ್ವ ತನ್ನ ಹಳೆಯ ಹಂಚನ್ನು ಕೇಳಿ ಇಡಿಸಿದಳು. ತಳ ಉಬ್ಬಿದ್ದ ಅದು ಗೊರಗೊರ ಎಂದಿತು.

“ಇದಕ್ಕ ದಮ್ಮು ಹತ್ತೇತಿ. ತಗೀರಿ. ಸಪಾಟು ತಳದ್ದ ಇಡ್ರಿ,” ಎಂದಳು.

ದಾಕ್ಷಾಯಣಿ ಪಟಪಟ ರೊಟ್ಟಿ ಬಡಿಯತೊಡಗಿದಳು. ಬಡಿದ ಜೋಳದ ರೊಟ್ಟಿಯನ್ನು ಹಾಗೇ ಬಿಡುವಂತಿಲ್ಲ, ಕೂಡಲೇ ಹಂಚಿಗೆ ಬೀಳಬೇಕು. ಅಷ್ಟರಲ್ಲಿ ಹಂಚು ಕಾದಿರಬೇಕು. ಆ ಬಡಿತದಲ್ಲಿ ಗುಂಯ್ ಎಲ್ಲಿ ಕೇಳೀತು? ಗುರುಬಸವ್ವ ತಡವರಿಸಿದಳು. ಬಲಗೈ ತಾನಾಗಿ ಎದ್ದು ಹಳೆಯ ರೂಢಿಯಂತೆ ಝಳ ಹುಡುಕುತ್ತ ಹಂಚಿನ ಕಡೆ ಹೊರಟಿತು.

ಅದನ್ನು ಕಂಡು, ರೊಟ್ಟಿ ಬಡಿಯುತ್ತಿದ್ದ ದಾಕ್ಷಾಯಣಿಯ ಕೈ ನಿಂತುಹೋಯಿತು.

ನಿಂತದ್ದೇ ತಡ, ಹಂಚಿನ ದನಿ ಕೇಳಿಸಿತು. ಗುರುಬಸವ್ವನ ಕೈ ಅರ್ಧಕ್ಕೇ ನಿಂತಿತು. ದನಿ ಇಳಿಯಿತು, ಇನ್ನೂ ಇಳಿಯಿತು. “ಕೊಡು,” ಎಂದು ಅಂಗೈ ಚಾಚಿದಳು. ರೊಟ್ಟಿ ಹಂಚಿಗೆ ಬಿತ್ತು. ಮೇಲೆ ನೀರು ಸವರಿ, ಮಗುಚಿ ಒತ್ತಿದಾಗ ಪೂರಿಯಂತೆ ಉಬ್ಬಿತು.

“ನಿಮ್ಮ ಬಡಿತದ ಸಪ್ಪಳ ನನ್ನ ಲ್ಯಾಬಿನ್ಯಾಗ ಇರಲಿಲ್ರಿ,” ಎಂದರು ಮೆಹರುನ್ನಿಸಾ. “ಮುಂದಿನ ಒಲಿಯೊಳಗ ತಣ್ಣನ ಅಂಚು ಮುಟ್ಟಿದ್ರೂ ನಡುಕದಿಂದ ಹಂಚಿನ ಬಿಸಿ ತಿಳಿಯೂ ಹಂಗ ಮಾಡ್ತೀನಿ. ನಾನು ಸಣ್ಣಾಕಿ ಇದ್ದಾಗ, ಮನಿಮನಿಗೆ ಕರೆಂಟ್ ಒಲಿ ಬರೂ ಕಾಲದಾಗ, ಕೈಗೆ ಒಂದು ಗುಂಡಿನೂ ಸಿಗದಂಗ ನುಣ್ಣಗ ಗಾಜು ಮಾಡಿದ್ರು. ಸಪ್ಪಳಿಲ್ಲದ್ದ ಚಲೋ ಒಲಿ ಅಂತ ಮಾರಿದ್ರು.”

“ಅವಾಗ ಕಣ್ಣಿಲ್ಲದವರು ಇರಲಿಲ್ಲೇನವಾ?”

“ಇದ್ರು. ನಮ್ಮಪ್ಪನೂ ಇದ್ದ. ಚಾ ಕಾಸಿಕೊಳ್ಳೂದು ಬಿಟ್ಟ. ಯಾರೂ ಬಂದು ಕೇಳಲಿಲ್ಲ.”

ಹೊರಗೆ ಊಟಕ್ಕೆ ಕುಳಿತವರು ರೊಟ್ಟಿ, ರೊಟ್ಟಿ ಎಂದು ಗದ್ದಲ ಎಬ್ಬಿಸಿದರು.

“ಮುಂದಿನ ಒಲಿ ಬರೂತನಕ ನಾನು ಬಡಿದು ಕೈ ನಿಲ್ಲಸ್ತೀನಿ. ನೀವು ದನಿ ಕೇಳಿ ರೊಟ್ಟಿ ಹಾಕ್ರಿ, ಅತ್ತಿ,” ಎಂದು ದಾಕ್ಷಾಯಣಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ ತುಟಿಯ ಮೇಲೆ ಬೆರಳಿಟ್ಟಳು. ಪಡಸಾಲೆ ಒಬ್ಬೊಬ್ಬರಾಗಿ ಸುಮ್ಮನಾಯಿತು. ಮೂಲೆಯಲ್ಲಿದ್ದವನೊಬ್ಬ ಎತ್ತಿದ ಮಜ್ಜಿಗೆ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟ.